ಹೊರಗಿನಿಂದ ತೆರೆಯದ ಪೆಟ್ಟಿಗೆ

“ಅಪ್ಪ ಸುಳ್ಳು ಹೇಳ್ತಾರೆ. ಅವರು ಒತ್ತೋದೇ ಇಲ್ಲ.”

ಮಗಳು ರಿಮೋಟನ್ನು ಸೋಫಾದ ಮೇಲೆ ಎಸೆದು ಮುಖ ತಿರುಗಿಸಿದಳು. ತಾಯಿ ಬೈಯಲಿಲ್ಲ. ಅದೇ ಮಾತು ಅವಳ ಮನಸ್ಸಿನಲ್ಲೂ ಇತ್ತು.

ಗಂಡ ದೂರದ ಊರಿನಲ್ಲಿ ಸೇತುವೆ ಕಟ್ಟಿಸುತ್ತಿದ್ದ. ರೈಲಿನಲ್ಲಿ ಒಂದು ರಾತ್ರಿ, ಆಮೇಲೆ ಬಸ್ಸು. ಹೊರಡುವ ಮುಂಚೆ ಹಳೆಯ ಕಂಪ್ಯೂಟರೊಂದನ್ನು ಟೀವಿಯ ಕೆಳಗೆ ಕೂರಿಸಿ, ಮಗಳಿಗೆ ಇಷ್ಟವಾದ ಸಿನಿಮಾಗಳನ್ನೆಲ್ಲ ತುಂಬಿಟ್ಟಿದ್ದ. ಮನೆಯವರ ಬಾಯಲ್ಲಿ ಅದು ಬರೀ ‘ಪೆಟ್ಟಿಗೆ’. ಭಾನುವಾರ ಮಧ್ಯಾಹ್ನ ಅವನು ಅಲ್ಲಿ ಫೋನಿನಲ್ಲಿ, ಮಗಳು ಇಲ್ಲಿ ಟೀವಿಯಲ್ಲಿ, ಒಟ್ಟಿಗೆ ಒತ್ತಿ ಒಟ್ಟಿಗೆ ನಗಬೇಕು. ಅಪ್ಪ ಮಗಳ ಒಪ್ಪಂದ ಅದು. ಕೆಲವು ವಾರ ನಡೆಯಿತು. ಆಮೇಲೊಂದು ದಿನ ತೆರೆಯುತ್ತಿಲ್ಲ ಅಂದ. ಅಂದಿನಿಂದ ಪ್ರತಿ ಭಾನುವಾರವೂ ಅದೇ ಉತ್ತರ.

“ಹೋಗಲಿ ಬಿಡೇ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ?” ಎಂದು ಹೆಂಡತಿಗೆ ಹೇಳಿದ್ದ.

ಅಷ್ಟು ಸಲೀಸಾಗಿ ಬಿಡು ಅಂದದ್ದೇ ಅವಳಿಗೆ ಚುಚ್ಚಿತ್ತು. ಈಚೆಗೆ ಅವನು ಎಲ್ಲದಕ್ಕೂ ಬಿಡು ಅನ್ನುತ್ತಿದ್ದ. ರಜೆ ಹಾಕುವುದಕ್ಕೂ, ಮಗಳ ಹುಟ್ಟುಹಬ್ಬಕ್ಕೆ ಬರುವುದಕ್ಕೂ.

ಇದನ್ನೆಲ್ಲ ಅವಳು ಹೇಳಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ. ಹಿತ್ತಲ ಗೋಡೆಯಾಚೆಯ ಮನೆಯ ಗೆಳತಿ, ಬಟ್ಟೆ ಹೊಲಿಯುವವಳು. ಅವಳ ಮನೆಯ ಬಾಗಿಲು ಇನ್ನೊಂದು ಬೀದಿಗೆ; ಇಬ್ಬರ ಮಾತುಕತೆಯೆಲ್ಲ ಗೋಡೆಯ ಮೇಲಿನಿಂದಲೇ. “ಇಲ್ಲದ್ದನ್ನೆಲ್ಲ ಕಲ್ಪಿಸ್ಕೊಂಡು ನೆಮ್ಮದಿ ಕಳ್ಕೋಬೇಡ ಕಣೇ,” ಎಂದು ಗೆಳತಿ ಕೈ ಹಿಡಿದು ಸಮಾಧಾನ ಮಾಡಿದ್ದಳು. ಇವತ್ತೂ ಅವಳನ್ನು ಕರೆಯಬಹುದಿತ್ತು. ಆದರೆ ಈಚೆಗೆ ಭಾನುವಾರ ಅವಳು ಕೈಗೆ ಸಿಗುವುದಿಲ್ಲ. ಹೊಲಿಗೆ ಬಾಕಿ ಇದೆ ಅನ್ನುತ್ತಾಳೆ.

ಹಾಗಾಗಿ ತಮ್ಮನಿಗೆ ಫೋನ್ ಮಾಡಿದಳು. ಕಚೇರಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ ಅವನ ಕೆಲಸ.

“ಮೊದ್ಲು ನಿನ್ನ ಫೋನಲ್ಲಿ ತೆಗೆದು ನೋಡಕ್ಕಾ.”

“ಬಂತು ಕಣೋ. ಚೆನ್ನಾಗೇ ಬರ್ತಿದೆ.” ಹಾಗಾದರೆ ಪೆಟ್ಟಿಗೆ ಸರಿಯಾಗಿದೆ. ಸುಳ್ಳು ಗಂಡನದೇ.

ತಮ್ಮ ನಕ್ಕ. “ನೀನು ಮನೆ ವೈಫೈನಲ್ಲಿದ್ದೀಯಲ್ಲೇ! ಒಳಗಿದ್ದವರಿಗೆ ಅದು ಯಾವಾಗ್ಲೂ ತೆರೆಯುತ್ತೆ, ಇಂಟರ್ನೆಟ್ ಇರ್ಲಿ ಬಿಡ್ಲಿ. ಎಲ್ರೂ ಎಡವೋದು ಇಲ್ಲೇ. ವೈಫೈ ಆರಿಸಿ ಹೊರಗಿನವಳ ಥರ ಬಾ.”

ಆರಿಸಿದಳು. ಪರದೆಯ ಮೇಲೆ ಚಕ್ರ ಸುತ್ತಿ ಸುತ್ತಿ ನಿಂತಿತು. ತೆರೆಯಲಿಲ್ಲ.

“ನೋಡಿದ್ಯಾ? ಭಾವ ನಿಜಾನೇ ಹೇಳಿದ್ದಾರೆ. ಪಾಪ, ಸುಮ್ನೆ ಅವರ ಮೇಲೆ ಗೂಬೆ ಕೂರಿಸ್ತಿದ್ದೆ. ಅಂದ ಹಾಗೆ, ನಿಮ್ಮ ವೈಫೈ ಬೇರೆ ಯಾರಾದ್ರೂ ಬಳಸ್ತಾರಾ?”

“ಹಿತ್ತಲಾಚೆಯ ಮನೆಯವಳು. ಅವಳಿಗೂ ಸಿಗ್ಲಿ ಅಂತ ನಿನ್ನ ಭಾವನೇ ಅವಳ ಕಿಟಕಿ ಹತ್ರ ಒಂದು ಡಬ್ಬಿ ಕೂರಿಸಿಕೊಟ್ರು.”

“ಅದರಿಂದೇನೂ ತೊಂದ್ರೆ ಇಲ್ಲ. ಅವರೂ ಒಳಗಿನವರ ಲೆಕ್ಕವೇ.”

ತಪ್ಪು ಬೇಗ ಸಿಕ್ಕಿತು. ಕರೆಂಟು ಹೋಗಿ ಬಂದಾಗ ರೌಟರು ಪೆಟ್ಟಿಗೆಗೆ ಹೊಸ ವಿಳಾಸ ಕೊಟ್ಟಿತ್ತು. ಹೊರಗಿನಿಂದ ಬಂದವರನ್ನು ಮಾತ್ರ ಇನ್ನೂ ಹಳೆಯ ವಿಳಾಸಕ್ಕೇ ಕಳಿಸುತ್ತಿತ್ತು. ತಮ್ಮ ಹೇಳಿದ ಹಾಗೆ ಅವಳು ಅಂಕಿಗಳನ್ನು ತಿದ್ದಿದಳು.

“ಈಗ ಹೊರಗಿಂದ ಬರೋ ತಂತಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಸಿಕ್ಕಿಸು. ರೌಟರ್ ಆರಿಸ್ಬೇಡ. ತಂತಿ ಸಿಕ್ಕಿಸೋವರೆಗೂ ಹೊರಗಿನವರಿಗೆ ಏನೂ ಕಾಣಲ್ಲ. ಆಮೇಲೆ ಭಾವನಿಗೆ ಹೇಳು,” ಎಂದು ತಮ್ಮ ಫೋನಿಟ್ಟ.

ತಂತಿ ಕಿತ್ತು ನೆಲದ ಮೇಲೆ ಕೂತಳು. ನಾಚಿಕೆಯಾಯಿತು. ಇಷ್ಟು ದಿನ ಆ ದೂರದ ಊರಿನಲ್ಲಿ ಯಾರೋ ಒಬ್ಬಳನ್ನು ಕಲ್ಪಿಸಿಕೊಂಡಿದ್ದಳು. ಅವಳಿಗೊಂದು ಮನೆ ಕೊಟ್ಟಿದ್ದಳು, ಉದ್ದ ಜಡೆ ಕೊಟ್ಟಿದ್ದಳು, ತನಗಿಲ್ಲದ ನಗುವನ್ನೂ ಕೊಟ್ಟಿದ್ದಳು. ಪಾತ್ರೆ ತೊಳೆಯುತ್ತ ಅವಳೊಂದಿಗೆ ಜಗಳವನ್ನೂ ಆಡಿದ್ದಳು. ರೌಟರಿನ ತಪ್ಪಿಗೆ ಗಂಡನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಳಲ್ಲ! ಅವನು ಬಂದಾಗ ಇದನ್ನೆಲ್ಲ ಹೇಳಿ ನಗಿಸಬೇಕು ಅಂದುಕೊಂಡಳು. ಎಷ್ಟೋ ದಿನದ ಮೇಲೆ ಮೈ ಹಗುರಾಯಿತು.

ಅಷ್ಟರಲ್ಲಿ ಮಗಳು ಅವಳ ಫೋನು ಕಸಿದುಕೊಂಡಾಗಿತ್ತು.

“ಅಪ್ಪಾ, ಅಮ್ಮ ಸರಿ ಮಾಡಿದ್ಳು! ಈಗ್ಲೇ ಒತ್ತಿ!”

“ಏಯ್, ತಾಳೇ, ಇನ್ನೂ—”

ಸ್ಪೀಕರಿನಲ್ಲಿ ಗಂಡನ ತಗ್ಗಿದ ದನಿ ಕೇಳಿಸಿತು. “ಈಗ ಬೇಡ ಪುಟ್ಟಾ. ಸೇತುವೆ ಹತ್ರ ಇದ್ದೀನಿ.”

“ಒಂದೇ ಒಂದು ಸಲ! ಇಲ್ಲಾಂದ್ರೆ ನೀವು ಸುಳ್ಳುಗಾರ.”

“ಸರಿ ತಾಯಿ, ಸರಿ. ಒತ್ತಿದೆ, ನೋಡು.”

ಆಮೇಲೆ ಫೋನಿನೊಳಗಿಂದ ಸಿನಿಮಾದ ಮೊದಲ ಹಾಡು ತೇಲಿ ಬಂತು.

“ಅರೆ, ಬಂದೇಬಿಡ್ತಲ್ಲ! ಎಲ್ಲೂ ನಿಲ್ಲದೆ ಓಡ್ತಿದೆ. ನಿಮ್ಮಮ್ಮ ಗಟ್ಟಿಗಿತ್ತಿ ಕಣೇ!”

“ಅಪ್ಪ ಸುಳ್ಳುಗಾರ ಅಲ್ಲ! ಅಪ್ಪ ಸುಳ್ಳುಗಾರ ಅಲ್ಲ!” ಮಗಳು ಸೋಫಾದ ಮೇಲೆ ಹತ್ತಿ ಕುಣಿಯತೊಡಗಿದಳು.

ತಾಯಿ ಕುಣಿಯುವ ಮಗಳನ್ನು ನೋಡಿದಳು. ಕಿತ್ತ ತಂತಿ ಇನ್ನೂ ಅವಳ ಕೈಯಲ್ಲೇ ಇತ್ತು.

ಸದ್ದಾಗದಂತೆ ಎದ್ದು ಹಿತ್ತಲಿಗೆ ಹೋದಳು. ಗೋಡೆಯ ಬಳಿ ನಿಂತು, ಆಚೆಯ ಕಿಟಕಿಗೆ ಕೇಳಿಸುವಷ್ಟೇ ಮೆಲ್ಲಗೆ ಹೇಳಿದಳು: “ರೀ, ಸಿನಿಮಾ ಮುಗಿಯೋವರೆಗೂ ಫೋನ್ ಇಡಬೇಡಿ. ಮಗು ನಂಬಿದೆ.”