ಹಿಂದಿನ ಬೆಂಚಿನ ಪ್ರಶ್ನೆ

ಸೀಮೆಸುಣ್ಣ ಮತ್ತೆ ಮುರಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ವಿಜ್ಞಾನ ಶಿಕ್ಷಕಿ ತುಂಡನ್ನು ಹೆಕ್ಕಿಕೊಳ್ಳಲಿಲ್ಲ. ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದುಕೊಂಡಳು. ಅವಳ ಪಾಠ ತಿದ್ದಿಕೊಡುವ ಮಾರ್ಗದರ್ಶಕಿಗೆಂದು ಬಾಗಿಲ ಬಳಿ ಹಾಕಿದ್ದ ಕುರ್ಚಿ ಖಾಲಿಯಿತ್ತು.

ಹೋದ ವರ್ಷ ಇದೇ ಕೋಣೆಯಲ್ಲಿ, ಹವಾಮಾನ ಬದಲಾವಣೆಯ ಇದೇ ಪಾಠದ ನಡುವೆ, ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದ್ದಳು. ಶಿಕ್ಷಕಿ ಉತ್ತರಿಸದೆ ಹೊರನಡೆದಿದ್ದಳು. ಆ ಹುಡುಗಿ ಆಮೇಲೆ ವಿಜ್ಞಾನದ ತರಗತಿಯಲ್ಲಿ ಬಾಯಿ ತೆರೆಯಲೇ ಇಲ್ಲ. ಆ ಪ್ರಶ್ನೆಯನ್ನು ಶಿಕ್ಷಕಿ ಒಬ್ಬರ ಬಳಿ ಮಾತ್ರ ಹೇಳಿಕೊಂಡಿದ್ದಳು. ಈ ಸಲವೂ ಎಡವಿದರೆ ಪಾಠವನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಮುಖ್ಯೋಪಾಧ್ಯಾಯರಿಗೆ ತಾನೇ ತಿಳಿಸಿದ್ದಳು.

ಪಾಠದಲ್ಲಿದ್ದ ಹಿಮಕರಡಿಯ ಚಿತ್ರವನ್ನು ಮಾರ್ಗದರ್ಶಕಿ ಎಂದೋ ತೆಗೆಸಿದ್ದರು; ಮಕ್ಕಳು ನಡೆದು ಬರುವ ಬೀದಿಯನ್ನೇ ತರಗತಿಗೆ ತರಲು ಹೇಳಿದ್ದರು. ಅದರಂತೆ ಹಲಗೆಯ ಮೇಲೆ ಈಗ ನದಿದಂಡೆಯ ಬೀದಿಯ ನಕ್ಷೆ. ಬೇಕರಿ, ಬಸ್ ನಿಲ್ದಾಣ, ಸೇತುವೆ. ಕಳೆದ ನೆರೆ ತಲುಪಿದ್ದ ಜಾಗಕ್ಕೆ ನೀಲಿ ಗೆರೆ.

ಮೊದಲ ಬೆಂಚಿನವನು ಕೈಯೆತ್ತಿದ. “ಮಿಸ್, ಇದು ಪರೀಕ್ಷೆಗೆ ಬರತ್ತಾ?”

“ಪರೀಕ್ಷೆಗೆ ಬರತ್ತೋ ಇಲ್ವೋ, ನಿಮ್ಮನೆಗಂತೂ ಬರತ್ತೆ.”

ನಗು ಹರಡಿತು. ಕಿಟಕಿಯ ಪಕ್ಕದ ದಢೂತಿ, ಡೆಸ್ಕಿನಡಿ ಹಿಡಿಸದ ಕಾಲುಗಳನ್ನು ನಡುದಾರಿಗೆ ಚಾಚಿ ಆಕಳಿಸಿದ. ಇನ್ನೊಬ್ಬ ಹಾರಿಸಿದ ಕಾಗದದ ರಾಕೆಟ್ ನಕ್ಷೆಯ ಸೇತುವೆಗೆ ಬಡಿದು ಬಿತ್ತು. ಶಿಕ್ಷಕಿ ಪಾಠ ನಿಲ್ಲಿಸಲಿಲ್ಲ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹೊರುತ್ತದೆ, ಹೊತ್ತದ್ದನ್ನು ಒಮ್ಮೆಲೇ ಸುರಿಯಲೂಬಹುದು ಎಂದು ವಿವರಿಸುತ್ತ, ನೀಲಿ ಗೆರೆಯ ಆಚೆಗೆ ಇನ್ನೊಂದು ಗೆರೆ ಎಳೆದಳು.

ಆಗ ಹಿಂದಿನ ಬೆಂಚಿನವಳು, ಕೈಯನ್ನೂ ಎತ್ತದೆ, ಕೇಳಿದಳು:

“ಮಿಸ್, ಸೇತುವೆ ಪಕ್ಕಾನೇ ನಮ್ಮನೆ. ನಾನು ದೊಡ್ಡೋಳಾಗೋ ಹೊತ್ತಿಗೆ ಅದು ಇರತ್ತಾ?”

ಹೋದ ವರ್ಷದ ಅದೇ ಪ್ರಶ್ನೆ. ಒಂದಕ್ಷರವೂ ಬದಲಾಗಿರಲಿಲ್ಲ. ಶಿಕ್ಷಕಿಯ ದೃಷ್ಟಿ ಬಾಗಿಲಿಗೆ ಹೋಯಿತು, ಮರಳಿತು.

“ನಂಗೆ ಗೊತ್ತಿಲ್ಲ ಪುಟ್ಟಿ,” ಎಂದಳು. ಈ ಸಲ ಕಾಲು ಕದಲಲಿಲ್ಲ. “ಇರತ್ತೆ ಅಂದ್ರೆ ಸುಳ್ಳಾಗತ್ತೆ. ಇರಲ್ಲ ಅಂದ್ರೂ ಸುಳ್ಳೇ. ನಿಮ್ಮ ಹೊಸಿಲು ಎಷ್ಟು ಎತ್ತರ ಇದೆ, ನೀರು ಎಲ್ಲಿಂದ ನುಗ್ಗತ್ತೆ, ಮೊದ್ಲು ಅಳೆಯೋಣ. ಏನು ಮಾಡಬಹುದು ಅಂತ ಆಮೇಲೆ ಕೂತು ಯೋಚಿಸೋಣ. ನಾನೂ ಬರ್ತೀನಿ.”

ಹಿಂದಿನ ಬೆಂಚಿನವಳು ಅವಳನ್ನೇ ನೋಡುತ್ತ ಕುಳಿತಿದ್ದಳು. ಯಾರೂ ಆಕಳಿಸಲಿಲ್ಲ.

ಬಳಿಕ, ಆ ಪ್ರಶ್ನೆ ಕೇಳಿದ್ದ ಮಾರ್ಗದರ್ಶಕಿ ಹಿಂದಿನ ಬೆಂಚಿನಿಂದ ಮಂಡಿಗೆ ಕೈಯೂರಿ ಎದ್ದು, ನರೆತ ಕೂದಲನ್ನು ಕಿವಿಯ ಹಿಂದೆ ಸರಿಸಿ ಹೇಳಿದರು: “ತಾಲೀಮು ಮುಗೀತು. ಮೇಷ್ಟ್ರುಗಳೆಲ್ಲ ಇನ್ನು ಬೆಂಚು ಬಿಟ್ಟೇಳಿ. ಮಕ್ಕಳು ಹೊರಗೆ ಕಾಯ್ತಿದ್ದಾರೆ.”