ಬಾಗಿಲ ಮೇಲಿನ ಬರಹ

ಪಕ್ಕದ ಮನೆಯ ಚೆನ್ನಾಜಮ್ಮನ ಜೊತೆ ಟಿವಿ ನೋಡಲು ಕೂತರೆ, ಸಿನಿಮಾಕ್ಕಿಂತ ಅವಳ ಮಾತೇ ಹೆಚ್ಚು ಕೇಳಿಸುತ್ತಿತ್ತು. ಹಳೆಯ ಯುದ್ಧದ ಸಿನಿಮಾ ಬಂದರೆ ಮೂಗು ಮುರಿಯುತ್ತಿದ್ದಳು.

“ಗುಂಡು ಬಿದ್ದೋನು ಅಷ್ಟುದ್ದ ಮಾತಾಡ್ತಾನಾ? ನಮ್ ಶಿವನಂಜ ನೆಟ್ಟಗಿದ್ದಾಗ್ಲೂ ಅಷ್ಟು ಮಾತಾಡ್ದೋನಲ್ಲ.”

ಶಿವನಂಜ ಅವಳ ಒಬ್ಬನೇ ಮಗ. ಗಡಿಯಲ್ಲಿ ಸತ್ತ. ಹೆಣವೂ ಮನೆಗೆ ಬರಲಿಲ್ಲ.

ದೆವ್ವದ ಸಿನಿಮಾ ಬಂದರೆ ನಗುತ್ತಿದ್ದಳು. “ಇಷ್ಟು ಪೌಡರ್ ಬಳ್ಕೊಂಡು ಯಾವ ದೆವ್ವ ತಿರುಗ್ತದೆ?”

ಆದರೂ ಊರಿನ ಎಲ್ಲ ಮನೆಗಳಂತೆ ಅವಳ ಬಾಗಿಲ ಮೇಲೂ ‘ನಾಳೆ ಬಾ’ ಎಂದು ಬರೆದಿತ್ತು. ಬಂದ ದೆವ್ವ ಅದನ್ನು ಓದಿಕೊಂಡು ದಿನವೂ ಹಿಂದಿರುಗಲಿ ಎಂದು. ಅವಳಿಗೆ ಅಕ್ಷರ ಬಾರದು. ಮಾಸಿದಾಗಲೆಲ್ಲ ನಾನೇ ಸುಣ್ಣದಲ್ಲಿ ತಿದ್ದುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿದ್ದುದು ಅದೊಂದೇ.

ಆ ಮಧ್ಯಾಹ್ನ ರಕ್ತ ಕುಡಿಯುವ ಪಿಶಾಚಿಯ ಧಾರಾವಾಹಿ ಬರುತ್ತಿತ್ತು. ಪಿಶಾಚಿ ಹೊಸ್ತಿಲ ಆಚೆಯೇ ನಿಂತಿತ್ತು.

“ಅದ್ಯಾಕೆ ಒಳೀಕೆ ಬತ್ತಿಲ್ಲ?”

“ಮನೆಯೋರು ಬಾ ಅಂತ ಕರೀದೆ ಬರೋ ಹಂಗಿಲ್ವಂತೆ, ದೊಡ್ಡವ್ವ.”

ಅವಳು ನಗಲಿಲ್ಲ. ಧಾರಾವಾಹಿ ಮುಗಿಯುವವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳು.

“ನೀನು ಬರ್ದಿರೋದು ದೂರಕ್ಕೂ ಕಾಣ್ತದಾ?”

“ಬೀದಿ ಕೊನೆಗೂ ಕಾಣ್ತದೆ.”

ಚೆನ್ನಾಜಮ್ಮ ಎದ್ದು ಹೋಗಿ, ಒದ್ದೆ ಬಟ್ಟೆ ತಂದು ನನ್ನ ಕೈಗಿಟ್ಟಳು.

“ಒರೆಸ್ಬಿಡವ್ವ. ಶಿವನಂಜನಿಗೆ ಓದಕ್ಕೆ ಬತ್ತದೆ.”