ಇಲ್ಲ ಎನ್ನದ ಊರು

"ತೊಂಬತ್ನಾಲ್ಕು ಮನೆ ಮೇಡಂ, ಒಬ್ಬರೂ ಬೇಡ ಅನ್ನಲಿಲ್ಲ!" ಅಪೆನಿಸಾ ವರದಿಯನ್ನು ಲೋಸಲಿನಿಯವರ ಮೇಜಿನ ಮೇಲಿಟ್ಟ. "ನಾಲ್ಕು ಗಂಟೆಗೆ ಇದು ಸಚಿವಾಲಯಕ್ಕೆ ಹೋಗಬೇಕು. ನಿಮ್ಮದೊಂದು ಸಹಿ ಬಿದ್ರೆ ಮುಗೀತು."

ನಾಸೌವಾ ದ್ವೀಪದ ಕೊಲ್ಲಿಯಲ್ಲಿ ಹೊರದೇಶದ ಯುದ್ಧನೌಕೆಗಳಿಗೆ ಹಡಗುಕಟ್ಟೆ ಕಟ್ಟಬಹುದೇ, ಊರವರ ಒಪ್ಪಿಗೆ ಇದೆಯೇ ಎಂಬುದೇ ವರದಿಯ ವಿಷಯ. ರಾಜಧಾನಿ ಸುವಾದ ಈ ಭದ್ರತಾ ಅಧ್ಯಯನ ಸಂಸ್ಥೆಯಲ್ಲಿ ಲೋಸಲಿನಿಯವರ ಸಹಿ ಇಲ್ಲದೆ ಒಂದು ಹಾಳೆಯೂ ಹೊರಗೆ ಹೋಗುವಂತಿಲ್ಲ. ಮುಂದಿನ ವಾರ ಅವರ ನಿವೃತ್ತಿ. ಪೆನ್ನು ತೆಗೆದವರು ತಟ್ಟನೆ ತಡೆದು ಕೇಳಿದರು.

"ಊರ ಹಿರಿಯರಿಗೆ ಕಾಣಿಕೆ ಅಂತ ಯಂಗೋನಾ ಬೇರಿನ ಕಟ್ಟು ಒಯ್ದಿದ್ಯೇನೋ?"

"ಅಯ್ಯೋ, ಬರಿಗೈಲಿ ಹೋಗ್ತೀನಾ? ಕಟ್ಟನ್ನ ಹಿರಿಯರ ಮುಂದಿಟ್ಟೆ, ಚಪ್ಪಾಳೆ ತಟ್ಟಿ ತಗೊಂಡ್ರು. ಅರೆದು ಕಲಸಿ, ಕರಟದಲ್ಲಿ ಎಲ್ಲರೂ ಕುಡಿದ್ವಿ. ಆಮೇಲೇ ಮನೆಮನೆಗೆ ಹೋಗಿ ಕೇಳಿದ್ದು."

ಲೋಸಲಿನಿ ಪೆನ್ನಿಗೆ ಮುಚ್ಚಳ ಹಾಕಿದರು. ಮೂವತ್ತೆರಡು ವರ್ಷಗಳ ಹಿಂದೆ ಅವರೂ ಹೀಗೇ ಕಟ್ಟು ಹಿಡಿದು, ಹಡಗುಕಟ್ಟೆಗೆ ಒಪ್ಪಿಗೆ ಕೇಳಲು ಹೊರಟಿದ್ದರು, ಬೇರೊಂದು ದ್ವೀಪಕ್ಕೆ, ಕೊಬ್ಬರಿ ಸಾಗಿಸುವ ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತ. ಆ ಊರಿನ ಹಿರಿಯ ಸೆರೆಮಾಯಾ... ಎಂಥ ನಗು ಆತನದು! ಊರವರು ಹೊಸ ಚಾಪೆ ಹಾಸಿ, ತೆಂಗಿನಹಾಲಿನಲ್ಲಿ ಬೇಯಿಸಿದ ಆಕ್ಟೋಪಸ್ ಬಡಿಸಿ, ಹೊತ್ತು ಮುಳುಗುವವರೆಗೂ ಹಾಡಿದ್ದರು. ಕೇಳಿದ್ದಕ್ಕೆಲ್ಲ "ಹೂಂ ಮಗಳೇ, ಹೂಂ". ಅಂಥ ಸಂಜೆ ಲೋಸಲಿನಿಯವರಿಗೆ ಜೀವಮಾನದಲ್ಲಿ ಮತ್ತೆ ಸಿಗಲಿಲ್ಲ. ಹಿಂದಿರುಗಿ 'ವಿರೋಧವಿಲ್ಲ' ಎಂದು ಬರೆದರು. ಭೇಷ್ ಅನ್ನಿಸಿಕೊಂಡರು. ಕಟ್ಟೆ ಎದ್ದಿತು, ಹವಳದ ದಿಬ್ಬ ಒಡೆದರು, ಮೀನು ಹೋಯಿತು, ಮೀನಿನ ಹಿಂದೆ ಅರ್ಧ ಊರೂ ಹೋಯಿತು. ಅದಷ್ಟನ್ನೂ ಅಪೆನಿಸಾನಿಗೆ ಹೇಳಿದರು.

"ಯಾಕೆ ಹೂಂ ಅಂದ್ರಿ ಅಂತ ಕೇಳೋಕೆ ಮತ್ತೆ ಹೋದೆ ಕಣೋ. ಮುದುಕ ಆಗಲೂ ನಕ್ಕ. 'ಕಟ್ಟು ಹಿಡಿದು ಬಂದ ಅತಿಥಿಗೆ ಇಲ್ಲ ಅನ್ನೋಕಾಗುತ್ತಾ ತಾಯಿ?' ಅಂದ."

ಸುವಾದಲ್ಲೇ ಹುಟ್ಟಿ ಬೆಳೆದ ಅಪೆನಿಸಾನ ಮುಖ ಸಪ್ಪಗಾಯಿತು. "ಹಾಗಾದ್ರೆ ನಂಗೆ ಸುಳ್ಳು ಹೇಳಿದ್ರಾ?"

"ಸುಳ್ಳಲ್ವೋ, ಮರ್ಯಾದೆ. ಅಷ್ಟು ಮನೆ ಹತ್ತಿ ಇಳಿದ್ಯಲ್ಲ, ಎಲ್ಲೂ ಒಬ್ಬರೂ ನಿನ್ನ ಬೈಲಿಲ್ವಾ?"

ಅವನು ತಲೆ ಕೆರೆದುಕೊಂಡ. "ಬೈದ್ರು... ಆರು ಮನೇಲಿ. ಅವು ಅಮ್ಮನ ತವರಿನವರ ಮನೆ ಮೇಡಂ. ಅಜ್ಜಿಯಂತೂ 'ನಮ್ಮ ಕಡಲನ್ನ ಹೊರಗಿನವರಿಗೆ ಕೊಡಿಸೋಕೆ ಬಂದ್ಯಾ, ಕತ್ತೆ' ಅಂತ ತೆಂಗಿನಕಡ್ಡಿ ಪೊರಕೆ ಹಿಡ್ಕೊಂಡು ಅಟ್ಟಿಸಿಕೊಂಡು ಬಂದ್ಳು. ನೆಂಟರ ಮಾತು ಪಕ್ಷಪಾತ ಆಗುತ್ತಲ್ಲ, ಅದಕ್ಕೇ ಆ ಆರು ಮನೆ ಲೆಕ್ಕಕ್ಕೆ ತಗೊಳ್ಳಲಿಲ್ಲ."

ಲೋಸಲಿನಿ ವರದಿಯನ್ನು ಅವನ ಕಡೆಗೆ ತಳ್ಳಿದರು.

"ಆ ಆರು ಇಟ್ಕೋ. ತೊಂಬತ್ನಾಲ್ಕನ್ನ ಹೊಡೆದು ಹಾಕು."